ಮೆಟ್ಟಿಲು ಎಣಿಸಿ ಕೊಟ್ಟವರಿಗೆ

ಈಗ ಇಲ್ಲದ ಮನೆಗಳ ನಮ್ಮ ಚಿತ್ರಪ್ರದರ್ಶನ ಮಂಗಳೂರಿನಲ್ಲಿ ಮುಗಿಯಿತು. ಮಳೆ ಹಿಡಿಯುವ ಮೊದಲೇ ಚೌಕಟ್ಟುಗಳನ್ನೆಲ್ಲ ಇಳಿಸಿ ಕಟ್ಟಿಟ್ಟಾಯಿತು. ಬೋಳಾರ, ಜೆಪ್ಪು, ಕೊಡಿಯಾಲಬೈಲ್ ಕಡೆಯಿಂದ, ಉಡುಪಿಯಿಂದ ಬಂದು ತಾವು ಬಾಳಿದ ಮನೆಯ ನೆನಪು ಕೊಟ್ಟವರಿಗೆ ಬರೀ ‘ಧನ್ಯವಾದ’ ಸಾಲದು. ಯಾರು ಹೇಳಿದ್ದು ಯಾವ ಗೆರೆಯಾಯಿತು ಅನ್ನುವುದನ್ನೂ ಹೇಳಿಬಿಡುತ್ತೇವೆ.

ಮೊದಲ ವಂದನೆ ಕಾಲಿನಿಂದ ನೆನಪಿಸಿಕೊಂಡವರಿಗೆ. ಮನೆ ಹೇಗಿತ್ತು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ದೊಡ್ಡದಿತ್ತು.’ ಅದನ್ನು ಬರೆಯುವುದು ಹೇಗೆ? ಅಂಗಳದಿಂದ ಜಗಲಿಗೆ ಎಷ್ಟು ಮೆಟ್ಟಿಲು, ಕರೆಂಟು ಹೋದ ರಾತ್ರಿ ಚಾವಡಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಯಾವ ಬಾಗಿಲಲ್ಲಿ ತಲೆ ಬಗ್ಗಿಸಬೇಕಿತ್ತು ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಐದು ಮೆಟ್ಟಿಲು, ಒಂದೊಂದು 7 ಇಂಚು ಎಂದು ಹಿಡಿದರೆ ಪಂಚಾಂಗದ, ಅಂದರೆ ಮನೆ ನಿಂತ ಕಟ್ಟೆಯ, ಎತ್ತರ ಹತ್ತಿರ ಹತ್ತಿರ 3 ಅಡಿ. ಅಲ್ಲಿಂದ ಗೋಡೆ ಏಳುತ್ತದೆ.

ಆದರೂ ‘ಅಳತೆ ಸರಿ, ಆದರೆ ಇದು ನಮ್ಮ ಮನೆಯ ಹಾಗಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆಗ ಕೇಳಬೇಕಾದದ್ದು, ಆ ಮನೆ ಬಿಟ್ಟಾಗ ವಯಸ್ಸೆಷ್ಟು? ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರೂವರೆ ಅಡಿಯಷ್ಟು ಎತ್ತರದಲ್ಲಿರುತ್ತದೆ. ನಾವು ರೂಢಿಯಂತೆ 5 ಅಡಿಯಲ್ಲಿ ಕಣ್ಣಿನ ಮಟ್ಟದ ಗೆರೆ ಎಳೆದಿರುತ್ತೇವೆ. ಆ ಗೆರೆಯನ್ನು ಕೆಳಗಿಳಿಸಿದರೆ ಸಾಕು, ಒಂದು ಅಳತೆಯನ್ನೂ ಬದಲಿಸದೆ ಮುಚ್ಚಿಗೆ ಮೇಲಕ್ಕೆ ಹೋಗುತ್ತದೆ, ಕಿಟಕಿಯ ದಳಿ ತಲೆಯ ಮೇಲೆ ಬರುತ್ತದೆ.

ಮಾಡಿನ, ಅಂದರೆ ಹಂಚಿನ ಛಾವಣಿಯ, ವಿಷಯದಲ್ಲಿ ನಮ್ಮನ್ನು ತಿದ್ದಿದವರು ಮರದ ಕೆಲಸದ ಆಚಾರ್ರು. ಚಿತ್ರ ಕಲಿತವರು ಸಾಮಾನ್ಯವಾಗಿ ಮಾಡನ್ನು ಚಪ್ಪಟೆ ಮಾಡಿಬಿಡುತ್ತಾರೆ. ಇಳಿಜಾರು 30 ಡಿಗ್ರಿಗಿಂತ ತಗ್ಗಿದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಅಂಥ ಮಾಡು ಕಾಗದದ ಮೇಲೂ ಸೋರುವಂತೆ ಕಾಣುತ್ತದೆ. ಹಂಚು ಕೂರುವ ಅಡ್ಡಪಟ್ಟಿಯೇ ರೀಪು; ಮಂಗಳೂರು ಹಂಚಿಗೆ ರೀಪಿನಿಂದ ರೀಪಿಗೆ ಸುಮಾರು 12.5 ಇಂಚು. 14 ಸಾಲು ಹಂಚಿದ್ದರೆ ಇಳಿಜಾರಿನ ಉದ್ದ 14 ಅಡಿ 7 ಇಂಚು, 30 ಡಿಗ್ರಿಯಲ್ಲಿ ಎತ್ತರ ಅದರ ಅರ್ಧ. ಸಾಲು ನೆನಪಿಲ್ಲದವರಿಗೂ ಬೆಳಕಿಗೆಂದು ಕೂರಿಸಿದ ಕನ್ನಡಿ ಹಂಚು ಯಾವುದರ ನೇರಕ್ಕಿತ್ತು ಎಂಬುದು ನೆನಪಿರುತ್ತದೆ. ಬಹುಪಾಲು ಒಲೆಯ ನೇರಕ್ಕೆ.

ಹಂಚನ್ನೇ ಹೊತ್ತು ತಂದವರಿಗೂ ವಂದನೆ, ಜೊತೆಗೊಂದು ಕಿವಿಮಾತು. ಬಾಸೆಲ್ ಮಿಶನ್ ಹಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಆಮೇಲೆ ಆ ಕಾರ್ಖಾನೆಗಳನ್ನು ವಹಿಸಿಕೊಂಡ ಕಾಮನ್‌ವೆಲ್ತ್ ಟ್ರಸ್ಟ್‌ನ ಅಚ್ಚಿದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಅದೂ ಹಂಚಿನ ವಯಸ್ಸೇ ಹೊರತು ಮನೆಯದ್ದಲ್ಲ, ಏಕೆಂದರೆ ಒಂದು ಮನೆ ಬಿಚ್ಚಿದರೆ ಹಂಚು ಇನ್ನೊಂದರ ಮೇಲೆ ಕೂರುತ್ತದೆ.

ಆಲ್ಬಮ್‌ನಿಂದ ಫೋಟೊ ಕಿತ್ತು ಕೊಟ್ಟವರು ಗೋಡೆಯ ಬಣ್ಣದ ಬಗ್ಗೆ ನಮ್ಮ ಜೊತೆ ವಾದಿಸಿದ್ದುಂಟು. 1970–80ರ ದಶಕದ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಚಿತ್ರವೆಲ್ಲ ಕೆಂಪಗಾಗುತ್ತದೆ. ನೀಲಿ ಬೆರೆಸಿದ ಸುಣ್ಣದ ಗೋಡೆ ಅದರಲ್ಲಿ ಗುಲಾಬಿಯಾಗಿ ಕಾಣುತ್ತದೆ. ಫೋಟೊದಿಂದ ಆಕಾರ ತೆಗೆದುಕೊಂಡೆವು, ಬಣ್ಣವನ್ನು ಸುಣ್ಣ ಹೊಡೆದವರ ಮಾತಿನಿಂದ. ಗೂಗಲ್ ಅರ್ಥ್‌ನ ಹಳೆಯ ವರ್ಷಗಳ ಚಿತ್ರ ಹುಡುಕಿ ಕೊಟ್ಟ ಮಕ್ಕಳೂ ಇದ್ದಾರೆ. ಅಲ್ಲಿ ಕಾಣುವುದು ಮಾಡು, ಗೋಡೆಯಲ್ಲ. ಸೂರು ಹೊರಚಾಚಿದ ಎರಡು ಮೂರು ಅಡಿಯನ್ನು ಪ್ರತಿ ಬದಿಯಿಂದ ಕಳೆಯದಿದ್ದರೆ ಕೋಣೆಗಳು ಉಬ್ಬುತ್ತವೆ.

ಒಬ್ಬರು ಕೇಳಿದರು, ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹಾಗೆ ನಾಲ್ಕೇ ಗೆರೆಯಲ್ಲಿ ಮುಗಿಸಬಹುದಿತ್ತಲ್ಲ? ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಆ ಕೈಯ ಗೆರೆ ಕುಣಿಯುವ ಮೈಯನ್ನು ಹಿಡಿಯುವ ಗೆರೆ. ಮನೆಗೆ ಬೇಕಾದದ್ದು ಮಾಡು ಹೊರುವ ಓರೆಮರ, ಅಂದರೆ ಪಕ್ಕಾಸು, ಗೋಡೆಯ ಮೇಲೆ ಎಲ್ಲಿ ಕೂತಿದೆ ಎಂಬ ಗೆರೆ. ಅಲ್ಲದೆ, ಆ ನಾಲ್ಕು ಗೆರೆ ನಮ್ಮ ಕೈಗೆ ಬರುವುದೂ ಇಲ್ಲ.

ಚೌಕಟ್ಟು ಹಾಕಿಕೊಟ್ಟವರ ತಾಳ್ಮೆ ದೊಡ್ಡದು. ಈ ಕರಾವಳಿಯಲ್ಲಿ ಗಾಜಿಗೆ ಕಾಗದ ಅಂಟಿದರೆ ಒಂದೇ ಮಳೆಗಾಲಕ್ಕೆ ಬೂಷ್ಟು. ಅವರು ಹತ್ತಿಯ ದಪ್ಪ ಕಾಗದಕ್ಕೂ ಗಾಜಿಗೂ ನಡುವೆ 2 ಮಿ.ಮೀ. ಮೌಂಟ್, ಅಂದರೆ ಚಿತ್ರದ ಸುತ್ತಲಿನ ರಟ್ಟಿನ ಅಂಚು, ಕೊಟ್ಟರು, ಹಿಂದೆ ಪ್ಲೈವುಡ್ ಬೇಡವೆಂದರು. ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಬೀಳುತ್ತದೆ. ಚೌಕಟ್ಟಿನ ಕೆಳಗಿನ ಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದ್ದೂ ಅವರೇ, ಒದ್ದೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲಿ ಎಂದು. ಮನೆಗೆ ಚಿತ್ರ ಒಯ್ದವರು ಆ ಕಾರ್ಕನ್ನು ಕೀಳಬೇಡಿ. ಬಚ್ಚಲಿನ ಹಿಂಬದಿಯ ಗೋಡೆಗೆ ಚಿತ್ರವನ್ನು ತೂಗುಹಾಕಲೂ ಬೇಡಿ.

ಕೊಟ್ಟ ಫೋಟೊಗಳೆಲ್ಲ ಹೆಸರು ಬರೆದ ಲಕೋಟೆಯಲ್ಲಿವೆ, ಮರೆಯದೆ ಒಯ್ಯಿರಿ. ಒಂದು ಚಿತ್ರ ಮಾತ್ರ ನಮ್ಮಲ್ಲೇ ಉಳಿದಿದೆ. ಬಾವಿ ಮನೆಯ ಮೂಡು ಬದಿಗಿತ್ತೋ ಬಡಗು ಬದಿಗೋ ಎಂದು ಅಕ್ಕತಂಗಿಯರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಎರಡೂ ಕಡೆ ಪೆನ್ಸಿಲಿನಲ್ಲಿ ಒಂದೊಂದು ಬಾವಿ ಬರೆದು ಬಿಟ್ಟಿದ್ದೇವೆ.