ಯಾರ ಕೈ ನೋಡಿಕೊಂಡು

ಮಡಿಕೇರಿ

ಪ್ರೀತಿಯ ಕಾವೇರಿ,

ಶಾಲೆಯ ಸಮಾಚಾರವೆಲ್ಲ ಮುಗಿದ ಮೇಲೆ, 'ಅರವತ್ತಾದ ಮೇಲೆ ಯಾರ ಕೈ ನೋಡಿಕೊಂಡು ಬದುಕಬೇಕೋ ಮಾವ' ಎಂದು ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ. ಮೂವತ್ತೂ ತುಂಬದವಳಿಗೆ ಈ ಚಿಂತೆಯೇ ಎಂದು ನಿನ್ನ ಅತ್ತೆ ನಕ್ಕಳು. ನನಗೆ ನಗು ಬರಲಿಲ್ಲ.

ನನಗೆ ಕಡೆಯ ಮೂಲ ವೇತನದ ಅರ್ಧ ಪಿಂಚಣಿಯಾಗಿ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. 2006ರ ಏಪ್ರಿಲ್ 1ರಿಂದೀಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದ ನಿಮಗೆ ಅದಿಲ್ಲ. ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿ ನಿನ್ನ ಮೂಲ ವೇತನ, ತುಟ್ಟಿಭತ್ಯೆಯ ಶೇ. 10, ಸರ್ಕಾರದ ಶೇ. 14 ಸೇರಿ ಮಾರುಕಟ್ಟೆಗೆ ಹೋಗುತ್ತದೆ. ತಿಂಗಳಿಗೆ ಎಷ್ಟು ಬಂದೀತೆಂದು ಯಾರೂ ಬರೆದುಕೊಡುವುದಿಲ್ಲ. ಒಂದೇ ಹಾಜರಿ ಪುಸ್ತಕ, ಎರಡು ಬಗೆಯ ಮುಪ್ಪು. ಹೆದರಬೇಡ ಎನ್ನಲು ನನಗೆ ಬಾಯಿಲ್ಲ.

ಸುಂಟಿಕೊಪ್ಪದ ಚಿಕ್ಕಮ್ಮನನ್ನು ನೀನು ಮುದುಕಿಯಾಗಿಯೇ ಕಂಡದ್ದು. ಕಾಫಿ ಹಣ್ಣು ಕೊಯ್ದು, ಕಳೆ ತೆಗೆದು ಸವೆದವಳು. ತೋಟದ ಲೆಕ್ಕದಲ್ಲಿ ಅವಳ ಹೆಸರು ಕಾಯಂ ಆಗಲೇ ಇಲ್ಲ, ಪಿಎಫ್ ಬರಲಿಲ್ಲ. ಕೊನೆಗಾಲದಲ್ಲಿ ವೀಳ್ಯದೆಲೆಗೆ ಹಣ ಬೇಕಾದಾಗ ಮೊದಲು ಮಳೆಯ ಮಾತು, ಆಮೇಲೆ ದನದ ಮಾತು, ಕಡೆಗೆ ಅದು. ಕೇಳುವ ಮೊದಲೇ ಕೊಡತೊಡಗಿದೆ. ಆಗಲೂ ತಲೆ ಎತ್ತಿ ತೆಗೆದುಕೊಳ್ಳಲಿಲ್ಲ. ವೃದ್ಧಾಪ್ಯ ವೇತನದ ಅರ್ಜಿ ಸಿದ್ಧವಾಗುವಷ್ಟರಲ್ಲಿ ಹೋಗಿಬಿಟ್ಟಳು. ಈಗ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತಾರೆ. ಅಷ್ಟಾದರೂ ಅವಳದೇ ಆಗಿರುತ್ತಿತ್ತಲ್ಲ ಎಂದು ಇಂದಿಗೂ ಕೊರಗುತ್ತೇನೆ.

ಪಿಂಚಣಿ ಸರ್ಕಾರದ ಮರ್ಜಿಯ ದಾನವಲ್ಲ, ದುಡಿದವರ ಹಕ್ಕು ಎಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ ಹೇಳಿದ್ದು 1982ರ ಡಿಸೆಂಬರ್ 17ರಂದು. ಪ್ರತಿವರ್ಷ ಆ ದಿನ ನಾವು ನಿವೃತ್ತರು ಸೇರಿ, ಹಾರ ಹಾಕಿಸಿಕೊಂಡು, ಕಾಫಿ ಕುಡಿದು ಬರುತ್ತೇವೆ. ನಿಮ್ಮ ವಿಷಯ ಎತ್ತಿದರೆ ಸಭೆ ಬೇಗ ಮುಗಿಯುತ್ತದೆ. ಖಾತರಿಯ ಪಿಂಚಣಿ ಸಾಧ್ಯವೇ ಇಲ್ಲ ಎನ್ನುವವರನ್ನು ನಂಬಬೇಡ. ಕೇಂದ್ರ ಸರ್ಕಾರವೇ 2025ರ ಏಪ್ರಿಲ್‌ನಿಂದ, 25 ವರ್ಷ ದುಡಿದ ತನ್ನ ನೌಕರರಿಗೆ ಕಡೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧ ಕೊಡುವ ಯೋಜನೆ ತಂದಿದೆ. ನೌಕರರು ಸುಮ್ಮನೆ ಕೂತಿದ್ದರೆ ಅದೂ ಬರುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಉಪದೇಶ ಮಾಡಲು ನನ್ನಲ್ಲಿ ಹೆಚ್ಚೇನಿಲ್ಲ. ಎನ್‌ಪಿಎಸ್‌ನ ನಿನ್ನ ಪ್ರಾನ್ ಖಾತೆಗೆ ನಿನ್ನದೂ ಸರ್ಕಾರದ್ದೂ ಎರಡೂ ಪಾಲು ತಪ್ಪದೆ ಜಮೆಯಾಗುತ್ತಿದೆಯೇ ನೋಡಿಕೋ, ನಾಮಿನಿ ಹೆಸರು ಹಾಕಿಸು. ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇಸರಿಸಬೇಡ. ಇನ್ನಷ್ಟು ಉಳಿಸು ಎನ್ನಬಹುದಿತ್ತು. ಮನೆ ಸಾಲ ತೀರಿಸುತ್ತಿರುವವಳಿಗೆ ಹಾಗೆನ್ನಲು ನಾಚಿಕೆ. ಕುಶಾಲನಗರದ ಬಸ್ ತಪ್ಪಿದರೂ ನಿಮ್ಮ ನೌಕರರ ಸಂಘದ ಸಭೆ ತಪ್ಪಿಸಬೇಡ. ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಯವರಿಗೆ ಬರುವುದು ಬರೀ ಗೌರವಧನ. ಅವರ ಅರವತ್ತರ ಮಾತನ್ನೂ ಅಲ್ಲಿ ಎತ್ತು.

ರಜೆ ಸಿಕ್ಕಿದರೆ ಈ ಡಿಸೆಂಬರ್ 17ಕ್ಕೆ ಬಾ, ನಮ್ಮವರ ಎದುರು ನೀನೇ ಮಾತನಾಡು. ಅಧ್ಯಕ್ಷರಿಗೆ ಹೇಳಿಟ್ಟಿದ್ದೇನೆ. ಅವರು ಇನ್ನೂ ಹೂಂ ಎಂದಿಲ್ಲ.

ನಿನ್ನ ಮಾವ