ದಂಡೆಗುಂಟ ಹೊರಡುವ ಮುನ್ನ

ಕುಮಟಾ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗೆಳೆಯನ ಜೊತೆ ಕುಮಟಾದಿಂದ ಗೋಕರ್ಣಕ್ಕೆ ಒಂದೇ ದಿನದಲ್ಲಿ ದಂಡೆಗುಂಟ ನಡೆಯುವ ವಿಚಾರ ಅಕ್ಕ ಹೇಳಿದಳು. ಬಹಳ ಸಂತೋಷವಾಯಿತು. ದಾರಿ ಸುಮಾರು 25 ಕಿ.ಮೀ. ಕಿಲೋಮೀಟರಿಗಿಂತ ಮೊದಲು ನೀರಿನ ಲೆಕ್ಕ ಹಾಕು.

ಕಡಲಿನ ಭರತದಿಂದ (ಉಬ್ಬರದಿಂದ) ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಮಾರನೆಯ ದಿನ ಅದೇ ಹೊತ್ತು ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಗೆ ನೀರು ಒಂದೂವರೆ ಮೀಟರಿನಷ್ಟು ಏರಿಳಿದರೆ, ಅಷ್ಟಮಿಯ ಆಸುಪಾಸು ಹೆಚ್ಚುಕಡಿಮೆ ಅದರ ಅರ್ಧ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ಅಷ್ಟಮಿ-ನವಮಿ ನೋಡಿ ಬನ್ನಿ. ಕಾರವಾರದ ಭರತ-ಇಳಿತದ ವೇಳೆಯನ್ನು ಕಾಗದದಲ್ಲೇ ಬರೆದಿಟ್ಟುಕೊಳ್ಳಿ.

ಬೆಳಿಗ್ಗೆ ಆರಕ್ಕೆ ಕುಮಟಾದ ವನ್ನಳ್ಳಿ ದಂಡೆಯಿಂದ ಹೊರಡಿ. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ. ಅಲ್ಲಿ ಗಂಟೆಗೆ ನಾಲ್ಕು ಕಿ.ಮೀ. ಸಾಗುತ್ತದೆ. ಒಣ ಮರಳಿನಲ್ಲೂ ಕಲ್ಲಿನಲ್ಲೂ ಎರಡೇ ಅಂತ ಇಟ್ಟುಕೋ. ಉತ್ತರಕ್ಕೆ ನಡೆಯುವಾಗ ಕಡಲು ಎಡಕ್ಕಿರುತ್ತದೆ, ದಂಡೆ ಅತ್ತಲೇ ಜಾರಾಗಿರುತ್ತದೆ. ಎಡಗಾಲು ಸದಾ ತಗ್ಗಿನಲ್ಲಿ ಬಿದ್ದು ಮಧ್ಯಾಹ್ನದ ಹೊತ್ತಿಗೆ ಮಂಡಿಯ ಪಕ್ಕ, ಸೊಂಟ ನೋಯಲು ಶುರು. ಕಾಲಿಗೆ ಬಲ ಸಾಲದೆ ಬರುವ ನೋವಲ್ಲ ಇದು. ಇಳಿತದಲ್ಲಿ ತೆರೆದುಕೊಳ್ಳುವ ಸಪಾಟು ಮರಳನ್ನೇ ಹಿಡಿ. ಅದು ಸಿಗದ ಕಡೆ ಸ್ವಲ್ಪ ಹೊತ್ತು ಮೇಲಿನ ಒಣ ಮರಳಿಗೆ ಹತ್ತಿ ನಡೆ.

ಕಡಲಿಗೆ ಚಾಚಿದ ಗುಡ್ಡಗಳ ವಿಷಯದಲ್ಲಿ ನನ್ನ ಮಾತು ಮೀರಬೇಡ. ಅಲೆ ಬಂಡೆಯ ಬುಡ ಮುಟ್ಟುತ್ತಿದ್ದರೆ ಕೆಳಗಿನಿಂದ ಸುತ್ತಲೇಬಾರದು, ಗುಡ್ಡದ ಕಾಲುದಾರಿ ಹಿಡಿಯಬೇಕು. ನಾಲ್ಕು ಸಣ್ಣ ಅಲೆ ನೋಡಿ ಧೈರ್ಯ ಮಾಡುತ್ತಾರೆ, ಐದನೆಯದು ಸೊಂಟದವರೆಗೆ ಬರುತ್ತದೆ. ಪಾಚಿ ಹಿಡಿದ ಕಪ್ಪು ಕಲ್ಲು ಜಾರುತ್ತದೆ. ಚಿಪ್ಪು ಅಂಟಿದ ಕಲ್ಲಿಗೆ ಕೈ ಊರಿದರೆ ಚರ್ಮ ಸೀಳುತ್ತದೆ. ಗುಡ್ಡದ ಮೇಲೆ ಒಣಹುಲ್ಲೂ ಕಾಲು ಜಾರಿಸುತ್ತದೆ, ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ.

ಮಧ್ಯಾಹ್ನ ಒಂದು ಗಂಟೆಯೊಳಗೆ ಅಘನಾಶಿನಿ ಹೊಳೆಯ ತಾರಿಗೆ, ಅಂದರೆ ದೋಣಿಯಲ್ಲಿ ದಾಟುವ ಜಾಗಕ್ಕೆ ಮುಟ್ಟಿರಬೇಕು. ಆಚೆ ದಡ ತದಡಿ. ಕೊನೆಯ ದೋಣಿ ಎಷ್ಟಕ್ಕೆ ಅಂತ ಹಿಂದಿನ ದಿನವೇ ಊರವರಲ್ಲಿ ವಿಚಾರಿಸು. ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು ಮೊಣಕಾಲುದ್ದದ ನೀರಿನಲ್ಲಿ ನಿಂತಿರುವುದು ಕಂಡು, ನಾವೂ ನಡೆದೇ ದಾಟೋಣ ಅನ್ನಿಸೀತು. ಅವರು ನಿಲ್ಲುವುದು ಒಳಗಿನ ದಿಬ್ಬಗಳ ಮೇಲೆ. ಅಳಿವೆಯ ಬಾಯಲ್ಲಿ ಆಳವೂ ಸೆಳೆತವೂ ಬೇರೆ. ಎಲ್ಲೂ ಅಣೆಕಟ್ಟಿಲ್ಲದ ಹೊಳೆಯಿದು. ಘಟ್ಟದ ಮೇಲೆ ಸುರಿದದ್ದೆಲ್ಲ ನೇರ ಇಲ್ಲಿಗೇ ಬರುತ್ತದೆ. ಅದರಿಂದಲೇ ಈ ಅಳಿವೆ ಇಷ್ಟು ಜೀವಂತವಾಗಿದೆ, 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತಾಗ ಕಣ್ತುಂಬ ನೋಡು.

ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಒಂದು ಲೀಟರಿಗೆ ಓಆರ್‌ಎಸ್ ಬೆರೆಸು. ಇಲ್ಲದಿದ್ದರೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬರೀ ನೀರು ಕುಡಿಯುತ್ತ ಬೆವರು ಸುರಿಸಿದರೆ ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಮರಳಿಗೆ ಹಿಂದೆ ಪಟ್ಟಿಯಿರುವ ಸ್ಯಾಂಡಲ್, ಕಲ್ಲಿಗೆ ಶೂ, ಎರಡು ಜೊತೆ ಒಣ ಕಾಲುಚೀಲ. ಹಿಮ್ಮಡಿ ಬಿಸಿಯಾದಂತೆ ಅನ್ನಿಸಿದ ಕೂಡಲೇ ನಿಂತು ಮರಳು ಒರೆಸಿ ಟೇಪ್ ಹಚ್ಚು. ಬೊಕ್ಕೆ ಎದ್ದ ಮೇಲೆ ಟೇಪಿನಿಂದ ಅಷ್ಟೇನೂ ಉಪಯೋಗವಿಲ್ಲ. ತೊಡೆ ಉಜ್ಜುವ ಜಾಗಕ್ಕೆ ಹೊರಡುವಾಗಲೇ ವ್ಯಾಸಲಿನ್.

ಗೆಳೆಯನ ಬಗ್ಗೆ ಒಂದು ಮಾತು. ನಿಧಾನ ನಡೆಯುವವನು ಮುಂದಿರಲಿ, ವೇಗದವನು ಹಿಂದೆ. ಮುಂದೆ ಹೋದವನು ಕಾಯುತ್ತ ದಣಿವಾರಿಸಿಕೊಂಡು, ಇವನು ಮುಟ್ಟಿದ ಕೂಡಲೇ ಎದ್ದು ಹೊರಟರೆ ನಿಜಕ್ಕೂ ದಣಿದವನಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕಲ್ಲಿನ ಜಾಗದಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರವಿರಿ. ಇಬ್ಬರಲ್ಲಿ ಯಾರೇ ಸಾಕು ಅಂದರೂ ಅಲ್ಲಿಗೆ ಸಾಕು, ವಾದ ಬೇಡ. ಅದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಫೋನ್ ಒಂದನ್ನು ಆಫ್ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಬೇಲೆಕಾನ್ ದಾಟಿದ ಮೇಲೆ ಪ್ಯಾರಡೈಸ್ ಬೀಚಿನಿಂದ ಹಾಫ್ ಮೂನ್ ಬೀಚಿನವರೆಗಿನ ಕಲ್ಲುದಾರಿಯೇ ಇಡೀ ದಿನದಲ್ಲಿ ಕಠಿಣ, ಅದೂ ಕಾಲು ಸೋತ ಹೊತ್ತಿನಲ್ಲಿ ಬರುತ್ತದೆ. ಸಂಜೆ ನಾಲ್ಕು ಗಂಟೆಯೊಳಗೆ ಬೇಲೆಕಾನ್ ಮುಟ್ಟದಿದ್ದರೆ ಅಲ್ಲಿಂದಲೇ ರಸ್ತೆ ಹಿಡಿಯಿರಿ. ಓಂ ಬೀಚಿಗೆ ಬಂದಾಗ ಕತ್ತಲಾಗಿದ್ದರೆ ಕುಡ್ಲೆಯ ಗುಡ್ಡ ಹತ್ತಬೇಡಿ. ಮೇಲೆ ರಸ್ತೆಗೆ ಬಂದು ಆಟೋದಲ್ಲಿ ಊರು ಸೇರಿ, ಅಕ್ಕನಿಗೆ ಫೋನ್ ಮಾಡಿ.

ಇತಿ,
ನಿನ್ನ ಮಾವ