ಕರುವಿನ ವಯಸ್ಸು ಮೀರುವ ಮೊದಲು

ಚಿರಂಜೀವಿ ಅಳಿಯನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಏಳು ತಿಂಗಳ ಗಬ್ಬದ ಹಸು ದಿನ ತುಂಬದೆ ಕಂದು ಹಾಕಿತು, ಕಸ (ಮಾಸು) ಬೀಳದೆ ಪಾಡುಪಟ್ಟಿತು, ಆಮೇಲೆ ಸುಧಾರಿಸಿಕೊಂಡು ಬೆದೆಗೆ ಬಂದು ಈಗ ಮತ್ತೆ ಗಬ್ಬವಾಗಿದೆ, ಇನ್ನೇನೂ ಭಯವಿಲ್ಲ ಅಲ್ಲವೇ ಅಂತ ಬರೆದಿದ್ದೀಯ. ಮೂರು ಹೆಣ್ಣುಗರುಗಳಿಗೆ ಕಂದುರೋಗದ ಲಸಿಕೆ ಹಾಕಿಸಲೋ ಬೇಡವೋ ಎಂಬ ಮಾತು ಕಾಗದದ ತುದಿಯಲ್ಲಿ, ಮರೆತು ನೆನಪಾದ ಹಾಗೆ ಇದೆ. ನನಗೆ ಆ ತುದಿಯ ಸಾಲೇ ಮುಖ್ಯ. ದೊಡ್ಡದಕ್ಕೆ ಏಳೂವರೆ ತಿಂಗಳು ಅಂದೆಯಲ್ಲ, ಎಂಟು ತಿಂಗಳು ಮೀರುವ ಮೊದಲು ಲಸಿಕೆಯಾಗಬೇಕು, ನಿನ್ನ ಕೈಯಲ್ಲಿ ಉಳಿದಿರುವುದು ಹದಿನೈದೇ ದಿನ.

ಮೊದಲು ಹಸುವಿನ ವಿಷಯ. ಕಂದು ಹಾಕುವುದಕ್ಕೆ ಬೇರೆ ಕಾರಣಗಳೂ ಉಂಟು, ಪರೀಕ್ಷೆಯಿಲ್ಲದೆ ಇದೇ ಎಂದು ನಾನು ಹೇಳಲಾರೆ. ಆದರೆ ಇದು ಬ್ರುಸೆಲ್ಲಾ, ಅಂದರೆ ಆ ಕಂದುರೋಗವೇ ಆಗಿದ್ದರೆ, ಮುಂದಿನ ಸಲ ಅದು ಚೆನ್ನಾಗಿ ಕರು ಹಾಕುವುದೇ ದೊಡ್ಡ ಮೋಸ. ಈ ರೋಗದ ಹಸು ಹೆಚ್ಚಾಗಿ ಒಂದೇ ಸಲ ಕಂದು ಹಾಕುತ್ತದೆ. ಆಮೇಲೆ ನೋಡಲು ಗಟ್ಟಿಮುಟ್ಟು. ರೋಗಾಣು ಮಾತ್ರ ಕೆಚ್ಚಲಲ್ಲೂ ಅದರ ಸುತ್ತಲ ಗ್ರಂಥಿಗಳಲ್ಲೂ ಕೂತಿರುತ್ತದೆ. ಹಾಲಲ್ಲಿ ಬರುತ್ತದೆ, ಪ್ರತಿ ಸಲ ಈದಾಗ ಕಸದ ಜೊತೆ, ನೀರಿನ ಜೊತೆ ಕೋಟಿಗಟ್ಟಲೆ ಹೊರಬೀಳುತ್ತದೆ. ಪಕ್ಕದ ಹಸು ಅದನ್ನು ನೆಕ್ಕಿದರೆ, ಅದು ತಾಗಿದ ಮೇವು ತಿಂದರೆ ಸಾಕು. ಬಿಸಿಲಿಗೆ ಬೇಗ ಸಾಯುವ ಈ ಕ್ರಿಮಿ, ತಂಪಾದ ತೇವದ ಮೂಲೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ನನಗೆ ಇದು ತಿಳಿದದ್ದು ಕೆಟ್ಟ ದಾರಿಯಲ್ಲಿ. ನಮ್ಮ ಕೊಟ್ಟಿಗೆಯಲ್ಲೂ ಒಂದು ಹಸು ಹೀಗೇ ಕಂದು ಹಾಕಿತು, ಮುಂದಿನ ವರ್ಷ ಮುದ್ದಾದ ಕರು ಹಾಕಿತು, ನಾನು ಬೀಗಿದೆ. ಅದೇ ಸಾಲಿನಲ್ಲಿ ಕಟ್ಟಿದ್ದ ಎರಡು ಕಡಸುಗಳು ಒಂದಾದ ಮೇಲೊಂದು ಕಂದು ಹಾಕಿದವು. ಕಸ ಬೀಳದ ಕಡಸಿಗೆ ನಾನೇ ಬರಿಗೈ ಹಾಕಿ ಎಳೆದೆ. ಕೆಲವು ವಾರಕ್ಕೆ ಜ್ವರ ಶುರುವಾಯಿತು. ಬೆಳಿಗ್ಗೆ ಇಲ್ಲ, ಸಂಜೆಗೆ ಹಾಜರು. ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಸೊಂಟ ಎತ್ತಲಾಗದು. ಮಲೇರಿಯಾ ಅಂದರು, ಟೈಫಾಯ್ಡ್ ಅಂದರು. ಮನೆಯಲ್ಲಿ ದನಗಳಿವೆಯೇ ಎಂದು ಯಾರೂ ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ಕೊನೆಗೆ ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ಆರು ವಾರ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡನ್ನೂ ನುಂಗಿದೆ. ಮನುಷ್ಯರಿಗಾದರೂ ಈ ಮದ್ದುಂಟು. ದನಕ್ಕೆ ಕೊಟ್ಟು ಗುಣಮಾಡುವಂಥದ್ದು ಏನೂ ಇಲ್ಲ. ಹಾಗಾಗಿ ಇರುವುದು ಲಸಿಕೆಯೊಂದೇ, ಅದೂ ರೋಗ ತಗಲುವ ಮೊದಲು.

ಜೀವಂತ ರೋಗಾಣುವನ್ನೇ ಚುಚ್ಚುತ್ತಾರಂತೆ ಎಂದು ಹೆದರಿದ್ದೀಯ. ಹೌದು, ಜೀವಂತವೇ, ಆದರೆ ಕಸುವು ಕಳೆದುಕೊಂಡದ್ದು. ಇದರ ಕಥೆ ನಮ್ಮ ಪಶುವೈದ್ಯರು ಹೇಳಿದ್ದರು. 1923ರಲ್ಲಿ ಅಮೆರಿಕದ ವಿಜ್ಞಾನಿ ಬಕ್ ಎಂಬವರು ಒಂದು ಹಸುವಿನ ಹಾಲಿನಿಂದ ಈ ರೋಗಾಣುವನ್ನು ಬೇರ್ಪಡಿಸಿದರಂತೆ. ಅದು ಪ್ರಯೋಗಾಲಯದಲ್ಲಿ ಹೊರಗೇ ಉಳಿದುಹೋಗಿ ವರ್ಷದ ಮೇಲೆ ನೋಡಿದರೆ ಬದುಕಿದೆ, ರೋಗ ತರುವ ಶಕ್ತಿ ಮಾತ್ರ ಉಡುಗಿದೆ! ಅದೇ ಎಸ್-19 ಲಸಿಕೆ. ಒಬ್ಬರ ಮರೆವು ಇಷ್ಟು ದನಗಳನ್ನು ಉಳಿಸಿತು ನೋಡು. ನನ್ನ ಮರೆವಿನಿಂದ ಹಾಲು ಉಕ್ಕಿದ್ದು ಬಿಟ್ಟರೆ ಬೇರೇನೂ ಆದದ್ದಿಲ್ಲ.

ಉಡುಗಿದ್ದರೂ ಅದು ಪೂರ್ತಿ ಸಾಧುವಲ್ಲ, ಕಟ್ಟುನಿಟ್ಟೆಲ್ಲ ಅದಕ್ಕೇ. ಗಬ್ಬದ ಹಸುವಿಗೆ ಹಾಕಿಸಿದರೆ ಲಸಿಕೆಯೇ ಕಂದು ಹಾಕಿಸಬಹುದು. ಗಂಡುಗರುವಿಗೆ ಹಾಕಿಸಿದರೆ ಬೀಜಕ್ಕೆ ಸೇರಿ ಬಾವು ತರಬಹುದು. ‘ಎಲ್ಲಕ್ಕೂ ಒಂದೇ ದಿನ ಮುಗಿಸಿಬಿಡಲೇ’ ಎಂದು ಕೇಳಿದ್ದೀಯ, ಬೇಡ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ, ಜೀವಮಾನಕ್ಕೆ ಒಂದೇ ಸಲ. ವಯಸ್ಸು ಮೀರಿದ ಮೇಲೆ ಹಾಕಿಸಿದರೆ ಲಸಿಕೆಯ ಗುರುತು ರಕ್ತದಲ್ಲಿ ವರ್ಷಗಟ್ಟಲೆ ಉಳಿದು, ಮುಂದೆ ಪರೀಕ್ಷೆ ಮಾಡಿಸಿದಾಗ ರೋಗವೋ ಲಸಿಕೆಯೋ ತಿಳಿಯದೆ ಪೇಚಾಡಬೇಕಾಗುತ್ತದೆ. ಚಿಕ್ಕ ವಯಸ್ಸಿನಲ್ಲಾದರೆ ಆ ಗುರುತು ಹೆಚ್ಚಾಗಿ ಬೇಗ ಅಳಿಯುತ್ತದೆ.

ಲಸಿಕೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಬರಬೇಕು, ಕಲಸಿದ್ದನ್ನು ಆಗಲೇ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡುತ್ತೇನೆಂದರೆ ಒಪ್ಪಬೇಡ. ಹಾಕುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲಿ. ನೀನು ಕರು ಹಿಡಿದುಕೊಂಡು ಸೂಜಿಯ ಎದುರಿಗೇ ನಿಲ್ಲಬೇಡ. ಯಾರಿಗಾದರೂ ಚುಚ್ಚಿಕೊಂಡರೆ, ಕಣ್ಣಿಗೆ ಹಾರಿದರೆ, ತೊಳೆದುಕೊಂಡು ಅದೇ ದಿನ ವೈದ್ಯರ ಬಳಿ ಹೋಗಿ ಯಾವ ಲಸಿಕೆ ಎಂದು ಹೆಸರು ಹೇಳಬೇಕು. ಆರ್‌ಬಿ-51 ಎಂಬ ಇನ್ನೊಂದು ಲಸಿಕೆಯೂ ಉಂಟು, ಅದರ ರೋಗಾಣುವಿಗೆ ರಿಫಾಂಪಿಸಿನ್ ನಾಟುವುದಿಲ್ಲ. ಕರುಗಳು ಒಂದೆರಡು ದಿನ ಮಂಕಾದರೆ ಗಾಬರಿಯಾಗಬೇಡ.

ಇಷ್ಟಾದರೂ ಲಸಿಕೆ ಹಾಕಿದ ನೂರು ಕರುಗಳಲ್ಲಿ ಪೂರ್ತಿ ರಕ್ಷಣೆ ಸಿಗುವುದು ಸುಮಾರು 65ರಿಂದ 75ಕ್ಕೆ. ಆದ್ದರಿಂದ ಆ ಹಸುವನ್ನು ಮೊದಲಿನ ಹಾಗೇ ಸಾಲಿನಲ್ಲಿ ಕಟ್ಟಿಕೊಂಡು, ಕರುಗಳಿಗೆ ಲಸಿಕೆಯಾಯಿತಲ್ಲ ಎಂದು ಕೂರುವ ಹಾಗಿಲ್ಲ. ಈಗ ರಕ್ತಪರೀಕ್ಷೆ ಮಾಡಿಸು, ಕರು ಹಾಕಿದ ಕೆಲವು ವಾರಕ್ಕೆ ಮತ್ತೊಮ್ಮೆ ಮಾಡಿಸು, ಏಕೆಂದರೆ ಈಯುವ ಹೊತ್ತಿನಲ್ಲಿ ರೋಗವಿದ್ದೂ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದುಂಟು. ಫಲಿತಾಂಶ ಏನೇ ಬರಲಿ, ಈಯುವುದು ಬೇರೆ ಜಾಗದಲ್ಲಿ. ಕಸವನ್ನು ಕೈಗವಸಿಲ್ಲದೆ ಮುಟ್ಟಬೇಡ, ನಾಯಿಗೆ ಸಿಗದ ಹಾಗೆ ಆಳವಾಗಿ ಸುಣ್ಣ ಹಾಕಿ ಹೂಳು. ಹಾಲು ಚೆನ್ನಾಗಿ ಕುದಿಸದೆ ಯಾರೂ ಕುಡಿಯಬಾರದು.

ರೋಗ ಖಚಿತವಾದರೆ ಆ ಹಸುವನ್ನು ಏನು ಮಾಡಬೇಕೆಂದು ಪಶುವೈದ್ಯರನ್ನು ಕೇಳು. ಮುಚ್ಚಿಟ್ಟು ಮಾತ್ರ ಮಾರಬೇಡ. ನನಗೂ ಆ ಆಸೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೊಳ್ಳಲು ಬಂದವರ ಜೊತೆ ಅವರ ಚಿಕ್ಕ ಹುಡುಗಿಯೂ ಬಂದಿದ್ದಳು, ಹಸುವಿನ ಗಂಗೆದೊಗಲು ಸವರುತ್ತಾ ನಿಂತಿದ್ದಳು. ನಾನು ಹಗ್ಗ ಕೊಡಲಿಲ್ಲ.

ನೀನೂ ಹೊಸ ಹಸು ತಂದಾಗ ತಿಂಗಳಾದರೂ ಬೇರೆ ಕಟ್ಟಿ, ಪರೀಕ್ಷೆ ಮಾಡಿಸಿಯೇ ಒಳಗೆ ಸೇರಿಸು. ಈ ಮೂರು ಕರುಗಳ ಲಸಿಕೆಯ ಫಲ ಅವು ಬೆಳೆದು ಗಬ್ಬವಾದಾಗ ಕಾಣುತ್ತದೆ, ಮುಂದಿನ ವರ್ಷ ಹುಟ್ಟಿದವಕ್ಕೆ ಮತ್ತೆ ಹಾಕಿಸಬೇಕು, ಅದರ ಮುಂದಿನ ವರ್ಷವೂ. ಹಳೆಯ ದನಗಳೆಲ್ಲ ಹೋಗಿ ಲಸಿಕೆಯಾದವೇ ತುಂಬಲು ಬಹಳ ವರ್ಷ ಬೇಕು. ನಮ್ಮಲ್ಲಿ ಈ ಕೆಲಸ ಇನ್ನೂ ನಡೆದೇ ಇದೆ.

ನಾಳೆಯೇ ಪಶುವೈದ್ಯರಿಗೆ ಫೋನು ಮಾಡು. ಕಿವಿಗೆ ಹಾಕಿದ ಓಲೆಯ ನಂಬರು, ಲಸಿಕೆಯ ತಾರೀಖು ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟು ನನಗೂ ಕಳಿಸು.

ಇಂತಿ ನಿನ್ನ ಅತ್ತೆ